ಪಾದ್ರಿಗಳ ಹೆಗಲ ಮೇಲಿನ ಕಲೆ

ಲಾಂಡ್ರಿಯಮ್ಮನಿಗೆ ಯಾರ ಮುಖವನ್ನೂ ನೋಡಬೇಕಿರಲಿಲ್ಲ, ಅಂಗಿ ಕೊಟ್ಟರೆ ಸಾಕಿತ್ತು. ಕಾಲರ್ ತಿರುವಿ ನೋಡಿ, ಕಂಕುಳು ಮೂಸಿ, ಅಂಗಿಯ ಜೊತೆಗೆ ಅವರ ಜನ್ಮವನ್ನೂ ಜಾಲಾಡಿಬಿಡುತ್ತಿದ್ದಳು. “ಮೇಷ್ಟ್ರ ಜೇಬಲ್ಲಿ ಸಿಗರೇಟಿನ ಪುಡಿ! ಮಕ್ಕಳಿಗೆ ಬುದ್ಧಿ ಹೇಳೋ ಮೂತಿ ನೋಡು!” “ಡಾಕ್ಟರಮ್ಮನ ಹೊದಿಕೆ ಮುಟ್ಟಿದರೆ ವಾಕರಿಕೆ ಬರುತ್ತೆ, ಊರಿಗೆಲ್ಲ ಶುಚಿತ್ವದ ಪಾಠ ಬೇರೆ!” ಬಾಯಿ ಸುಳ್ಳು ಹೇಳಬಹುದು, ಕಲೆ ಹೇಳುವುದಿಲ್ಲ ಅನ್ನುವುದು ಅವಳ ಧಿಮಾಕು. ಚರ್ಚಿನ ಬಟ್ಟೆಗಳನ್ನು ಮಾತ್ರ ದೇವರ ಸೇವೆ ಅಂತ ಪುಕ್ಕಟೆಯಾಗಿ ಒಗೆಯುತ್ತಿದ್ದಳು. ಆ ಸೇವೆಯ ಸುದ್ದಿ ದೇವರಿಗೆ ಮುಟ್ಟುವ ಮೊದಲೇ ಓಣಿಗೆಲ್ಲ ಮುಟ್ಟಿರುತ್ತಿತ್ತು.

ಆ ವಾರ ಪಾದ್ರಿಗಳ ಬಿಳಿ ನಿಲುವಂಗಿ ಬಂತು. ಎಡಹೆಗಲ ಮೇಲೆ ಕೆಂಪು ಗುರುತು, ಪಕ್ಕದಲ್ಲೇ ಕಪ್ಪಗೆ ಇಳಿದ ಗೆರೆ. ಲಾಂಡ್ರಿಯಮ್ಮ ಅದನ್ನು ಬೆಳಕಿಗೆ ಹಿಡಿದಳು, ಉಗುರಿನಿಂದ ಕೆರೆದಳು, ಮೂಸಿದಳು. ತುಟಿಬಣ್ಣ ಮತ್ತು ಕಾಡಿಗೆ. ಅನುಮಾನವೇ ಇಲ್ಲ.

“ಥೂ, ಇವನ ವಯಸ್ಸಿಗಿಷ್ಟು ಬೆಂಕಿ ಹಾಕ! ಹೆಂಡತಿ ಸಮಾಧಿ ಮೇಲಿನ ಮಣ್ಣು ಇನ್ನೂ ಆರಿಲ್ಲ, ಆಗಲೇ ಮುದುಕನಿಗೆ ಚಪಲ!”

ಮೇಜಿನ ಹತ್ತಿರ ಬಟ್ಟೆ ಮಡಿಸುತ್ತಿದ್ದ ಮಗಳ ಕೈ ನಿಂತಿತು. “ತೊಳೆದುಬಿಡಮ್ಮ. ನಮಗ್ಯಾಕೆ?”

“ತೊಳೆಯೋದಾ? ಇದು ಸಾಕ್ಷಿ ಕಣೇ! ಆ ಬೇಕರಿಯವಳದ್ದೇ ಇದು. ಬೆಳಗೆದ್ದು ತುಟಿಗೆ ಬಣ್ಣ ಬಳ್ಕೊಂಡು ಬನ್ನು ಮಾರ್ತಾಳಲ್ಲ, ಅವಳೇ. ಭಾನುವಾರ ಎಲ್ಲರ ಮುಂದೆ ಬಿಡಿಸಿ ಹಿಡೀತೀನಿ. ಈ ಪಾದ್ರಿ ಗಂಟುಮೂಟೆ ಕಟ್ಟಬೇಕು!”

ಮಗಳು ಮಡಿಸಿಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದಳು. ಪಾಪ, ಹುಡುಗಿಗೆ ಪಾದ್ರಿಗಳ ಮೇಲೆ ಗೌರವ, ಏಟು ಬಿದ್ದಿದೆ ಅಂದುಕೊಂಡಳು ತಾಯಿ. ಮದುವೆ ನಿಶ್ಚಯವಾದ ಮಗಳು ಎರಡು ವಾರದಿಂದ ಊಟ ಬಿಟ್ಟಿದ್ದು ಮಾತ್ರ ಅವಳ ಗಮನಕ್ಕೇ ಬಂದಿರಲಿಲ್ಲ. ಬಟ್ಟೆಯ ಮೇಲೆ ಗುರುತು ಬೀಳದಿದ್ದರೆ ಅವಳಿಗೆ ಯಾವುದೂ ಕಾಣುತ್ತಿರಲಿಲ್ಲ.

ಭಾನುವಾರ ಪಾದ್ರಿಗಳು ಹಳದಿಗಟ್ಟಿದ ಹಳೇ ನಿಲುವಂಗಿಯಲ್ಲೇ ನಿಂತರು. ಹೊಸದು ಇನ್ನೂ ಆಗಿಲ್ಲ ಅಂತ ಲಾಂಡ್ರಿಯಮ್ಮ ಹೇಳಿಕಳಿಸಿದ್ದಳು. ಅದು ಅವಳ ಮಡಿಲ ಚೀಲದಲ್ಲಿ ಬೆಚ್ಚಗಿತ್ತು. “ಪಾದ್ರಿಗಳ ನಿಲುವಂಗಿ ತಂದಿದೀನಿ, ಇವತ್ತು ಒಂದು ತಮಾಷೆ ಇದೆ, ನೋಡ್ತಿರಿ” ಅಂತ ಸಭೆಯ ಹಿರಿಯರ ಕಿವಿಗೂ ಹಾಕಿದ್ದಳು.

ಕರ್ತನ ಮೇಜಿಗೆ, ಪ್ರಸಾದದ ರೊಟ್ಟಿ ತೆಗೆದುಕೊಳ್ಳಲು ಬರುವ ಮೊದಲು ಪ್ರತಿಯೊಬ್ಬರೂ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಿ ಎಂದರು ಪಾದ್ರಿಗಳು. ಎಲ್ಲರೂ ತಲೆ ಬಗ್ಗಿಸಿದರು. ಲಾಂಡ್ರಿಯಮ್ಮ ತಲೆ ಎತ್ತಿ ಉಳಿದವರನ್ನು ಪರೀಕ್ಷಿಸಿದಳು. ಮೇಷ್ಟ್ರ ತೋಳಿಗೆ ಗುಂಡಿಯಿಲ್ಲ. ಹಿಂದಿನ ಬೆಂಚಿನಲ್ಲಿ ಬೇಕರಿಯವಳು ಅಳುತ್ತಿದ್ದಾಳೆ, ನಾಟಕದವಳು! ಇದೇ ಸಮಯ ಅಂತ ಚೀಲಕ್ಕೆ ಕೈ ಹಾಕಿದಳು.

ಮಗಳು ಆ ಕೈ ಹಿಡಿದಳು. “ಅಮ್ಮಾ,” ಅಂತ ಪಿಸುಗುಟ್ಟಿದಳು, “ಅದು ನನ್ನ ಕಾಡಿಗೆ.”

ಲಾಂಡ್ರಿಯಮ್ಮನ ಬಾಯಿಂದ ಮೊದಲು ಬಂದ ಮಾತೇನು ಗೊತ್ತೇ? “ಆ ಮುದುಕನ ಜೊತೆ... ನೀನಾ?”

ಮಗಳು ಅವಳನ್ನೇ ನೋಡಿದಳು. “ನೋಡಿದ್ಯಾ? ಇದಕ್ಕೇ ನಿನ್ನ ಹತ್ರ ಬರಲಿಲ್ಲ. ಹುಡುಗ ನಾನು ಬೇಡ ಅಂದ. ಅವರ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟೆ, ತುಟಿಬಣ್ಣವೂ ಅಂಟಿತು, ಅಷ್ಟೇ. ಎದುರುಮನೆ ಹುಡುಗಿ ಮದುವೆ ಮುರಿದಾಗ ನೀನೇನಂದಿದ್ದೆ? ‘ಸುಮ್ಮಸುಮ್ಮನೆ ಯಾರು ಬಟ್ಟೆ ವಾಪಸ್ ಕೊಡ್ತಾರೆ, ಎಲ್ಲೋ ಕಲೆ ಇರಬೇಕು’ ಅಂದಿದ್ದೆ.”

ಲಾಂಡ್ರಿಯಮ್ಮ ಚೀಲದ ಬಾಯಿ ಸರಿಸಿ ನಿಲುವಂಗಿಯ ಹೆಗಲನ್ನು ಇನ್ನೊಮ್ಮೆ ನೋಡಿದಳು. ಕಾಡಿಗೆ ಇಳಿದಿತ್ತಲ್ಲ! ನೀರು ಬೀಳದೆ ಕಾಡಿಗೆ ಹಾಗೆ ಇಳಿಯುವುದಿಲ್ಲ. ಯಾವ ಕಲೆ ಯಾವುದರಿಂದ ಆಗುತ್ತದೆ ಅಂತ ಊರಿಗೇ ಹೇಳುವವಳು ಕಣ್ಣೀರಿನ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿಯೂ ಚಪಲ ಅಂದಿದ್ದಳು. ಅಯ್ಯೋ ನನ್ನ ಕಣ್ಣು ಸೇದಿಹೋಗ, ಅಂದುಕೊಂಡಳು.

ರೊಟ್ಟಿ ತೆಗೆದುಕೊಳ್ಳುವ ಸಾಲು ಮುಂದೆ ಸರಿಯಿತು, ಅವಳೂ ಚೀಲ ಹಿಡಿದೇ ಹೋಗಿ ಮೊಣಕಾಲೂರಿದಳು. ಪಾದ್ರಿಗಳು ಅವಳ ಮುಂದೆ ಬಂದು ನಿಂತರು. ಚೀಲದಲ್ಲಿ ಏನಿದೆ ಅಂತ ಅವರಿಗೆ ಗೊತ್ತಿತ್ತು, ಹಿರಿಯರ ಬಾಯಲ್ಲಿ ಮಾತು ನಿಲ್ಲುತ್ತದೆಯೇ? ಕಲೆ ಯಾರದು ಅಂತ ಒಂದು ಮಾತು ಹೇಳಿದ್ದರೆ ಅವರು ಬಚಾವಾಗುತ್ತಿದ್ದರು, ಹುಡುಗಿಯ ಮಾನ ಹೋಗುತ್ತಿತ್ತು. ಅವರು ತುಟಿ ಬಿಚ್ಚಿರಲಿಲ್ಲ. ಎಲ್ಲರಿಗೂ ಕೊಟ್ಟಂತೆಯೇ ಅವಳ ಅಂಗೈ ಮೇಲೂ ರೊಟ್ಟಿಯ ತುಂಡು ಇಟ್ಟರು. ಇವಳಿಗೆ ಬೇಡ ಅನ್ನಲಿಲ್ಲ. ಕಲೆ ನೋಡದೆ ಬಟ್ಟೆ ತೆಗೆದುಕೊಳ್ಳುವ ಕರ್ತನೊಬ್ಬ ಇದ್ದಾನೆ ಅಂತ ಚಿಕ್ಕಂದಿನಿಂದ ಹಾಡಿಕೊಂಡೇ ಬಂದವಳಿಗೆ, ತಾನೂ ಆ ಕೊಳೆ ಬಟ್ಟೆಯ ಗಂಟಿನಲ್ಲೇ ಇರುವುದು ಈಗ ಕಂಡಿತು. “ಕರ್ತನೇ,” ಅಂದಳು. ಆ ಪ್ರಾರ್ಥನೆಯಲ್ಲಿ ಮೊಟ್ಟಮೊದಲ ಬಾರಿಗೆ ಬೇರೆ ಯಾರ ಸುದ್ದಿಯೂ ಬರಲಿಲ್ಲ.

ಆರಾಧನೆ ಮುಗಿದ ಮೇಲೆ ಹಿರಿಯರು ಬಾಗಿಲಲ್ಲೇ ಹಿಡಿದರು. “ಏನೋ ತಮಾಷೆ ಅಂದಿದ್ರಲ್ಲ?”

“ತಮಾಷೆ ನಾನೇ. ಪಾದ್ರಿಗಳ ಬಟ್ಟೆ ಒಗೀಬೇಕಿತ್ತು, ಒಗೀಲಿಲ್ಲ. ಒಳ್ಳೆಯವರ ಮೇಲೆ ಕೆಟ್ಟ ಮಾತಾಡಿದೆ.” ಬೇಕರಿಯವಳ ಕಡೆ ತಿರುಗಿದಳು. “ನಿನ್ನ ಮೇಲೂ ಕಣಮ್ಮ. ತಪ್ಪಾಯ್ತು.”

“ಗೊತ್ತು ಬಿಡಿ,” ಅಂದಳು ಬೇಕರಿಯವಳು. “ನಿಮ್ಮ ಬಾಯಿ ಒಗೆಯೋಕೆ ಎಷ್ಟು ಸೋಪಾದ್ರೂ ಸಾಲದು.” ಜನ ಕಿಸಕ್ಕನೆ ನಕ್ಕರು. ಲಾಂಡ್ರಿಯಮ್ಮ ನುಂಗಿಕೊಂಡಳು.

ಮನೆಗೆ ಬಂದು ನಿಲುವಂಗಿಯನ್ನು ತಾನೇ ನೆನೆಹಾಕಿದಳು. ಮಗಳು ಹಿಂದೆ ಬಂದು ನಿಂತಳು.

“ಆ ಹುಡುಗ ಇದಾನಲ್ಲ,” ಲಾಂಡ್ರಿಯಮ್ಮನ ರಕ್ತ ಕುದಿಯಿತು, “ಅವನ ಷರಟು ನೋಡಿದಾಗಲೇ ನಂಗೆ...”

“ಅವನನ್ನೂ ಬೈಬೇಡಮ್ಮ.”

ಕರ್ತನೇ, ಇವನೊಬ್ಬನನ್ನಾದರೂ ಬೈಯೋಕೆ ಬಿಡಪ್ಪಾ! ಗಂಟಲವರೆಗೆ ಬಂದ ಬೈಗುಳವನ್ನು ತುಟಿ ಕಚ್ಚಿ ತಡೆದಳು. ಕಣ್ಣಲ್ಲಿ ನೀರು ಬಂತು. ಕೈ ಒರೆಸಿಕೊಳ್ಳದೆಯೇ, ಇಸ್ತ್ರಿ ಮಾಡಿದ ತನ್ನ ಭಾನುವಾರದ ಬಟ್ಟೆಯಲ್ಲೇ ಮಗಳ ಕಡೆ ತಿರುಗಿ ಹೆಗಲು ಕೊಟ್ಟಳು. ಮಗಳು ಆ ಇಸ್ತ್ರಿಯ ಗೆರೆಯನ್ನೊಮ್ಮೆ ನೋಡಿ, ಆಮೇಲೆ ಬಂದು ಮುಖವಿಟ್ಟಳು.