ಪರಾತಕ್ಕೆ ಹೋದ ಬೆರಳು

ಹುರಿದ ಗುರೆಳ್ಳಿನ ವಾಸನೆ ಎಂದರೆ ಫಕೀರಮ್ಮನಿಗೆ ಇಂದಿಗೂ ಅವ್ವನ ಸೆರಗು. ಬಾಣಲೆಯಲ್ಲಿ ಕರಿಕಾಳು ಚಟಪಟ ಅನ್ನತೊಡಗಿದರೆ ಆ ಘಾಟು ಓಣಿಯ ತಿರುವಿನವರೆಗೂ ಬರುತ್ತಿತ್ತು. ಸಾಲಿ ಬಿಟ್ಟು ಬರುವ ಹುಡುಗಿ ಅದರ ಬೆನ್ನು ಹಿಡಿದೇ ಮನೆ ಸೇರುತ್ತಿದ್ದಳು. ಒಳಗೆ ಅವ್ವ ಮಾತಾಡುತ್ತಿರಲಿಲ್ಲ. ಕುಟ್ಟುವಾಗ ಎಂಜಲು ಹಾರಬಾರದೆಂದು ಸೆರಗನ್ನು ಬಾಯಿಗೆ ಬಿಗಿದುಕೊಂಡಿರುತ್ತಿದ್ದಳು. ಉಪ್ಪು ನೋಡಬೇಕಾದರೆ ಮಗಳನ್ನು ಹೊಸ್ತಿಲ ಹತ್ತಿರ ಕೂಡಿಸಿ, ಅಂಗೈಗೆ ಮೇಲಿನಿಂದ ಒಂದು ಚಿಟಿಕೆ ಉದುರಿಸುತ್ತಿದ್ದಳು. ರುಚಿ ನೋಡಿದವರು ಪಾತ್ರೆ ಮುಟ್ಟುವ ಹಾಗಿಲ್ಲ. ಪಾತ್ರೆ ಮುಟ್ಟುವವಳು ಕೆಲಸ ಮುಗಿಯುವತನಕ ಉಣ್ಣುವ ಹಾಗಿಲ್ಲ.

ಈಗ ಫಕೀರಮ್ಮನಿಗೆ ಐವತ್ತೊಂಬತ್ತು. ಒರಳು ಹೋಗಿ ಮಿಕ್ಸರ್ ಬಂದಿತ್ತು, ಬಾಯಿಗೆ ಕಟ್ಟುವ ಸೆರಗು ಹೋಗಿ ಮಾಸ್ಕು, ತಲೆಗೆ ಬಿಳಿ ಟೊಪ್ಪಿಗೆ ಬಂದಿದ್ದವು. ಕಟ್ಟಳೆ ಮಾತ್ರ ಹೋಗಿರಲಿಲ್ಲ. ತಳಕಲ್ಲಿನ ಅವಳ ಪಡಸಾಲೆಯಲ್ಲಿ ಹನ್ನೊಂದು ಮಂದಿ ಹೆಂಗಸರು ಗುರೆಳ್ಳ ಹಿಂಡಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಗಳನ್ನು ಮಾಡಿ ಯಲಬುರ್ಗಾ, ಕೊಪ್ಪಳದ ಅಂಗಡಿಗಳಿಗೆ ಕೊಡುತ್ತಿದ್ದರು. ಮಳೆಗಾಲ ಬಂತೆಂದರೆ ಅಂಗಡಿಯವರು ಕೊಳ್ಳದೆ ಮೂರು ತಿಂಗಳು ಕೆಲಸ ನಿಲ್ಲುತ್ತಿತ್ತು. ಹಾಗಿರುವಾಗ ದೊಡ್ಡ ಊರಿನ ಒಂದು ಕಂಪನಿಯವರು ಅವರ ಪ್ಯಾಕೆಟ್ಟು ತರಿಸಿ ತಿಂದು ನೋಡಿ, ವರ್ಷವಿಡೀ ಕೊಳ್ಳುತ್ತೇವೆ ಎಂದರು. ಒಂದೇ ಶರತ್ತು. ಮಾಡುವವರ ಎರಡು ನಿಮಿಷದ ವಿಡಿಯೊ ಬೇಕು, ಅದೂ ಟಿ.ವಿ. ಜಾಹೀರಾತಿನಷ್ಟು ಚೆನ್ನಾಗಿರಬೇಕು. ಯಾರೂ ಬರುವುದಿಲ್ಲ, ಇವರದೇ ಫೋನಿನ ಮೂಲಕ ಅಲ್ಲಿಂದಲೇ ತೆಗೆಯುತ್ತಾರೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನಿನಿಂದ ಗೌತಮ ಎಂಬುವನ ದನಿ ಬಂತು. ಅವನೇ ಅಲ್ಲಿ ಕೂತು ವಿಡಿಯೊ ತೆಗೆಸುವವನು.

"ಅಮ್ಮ, ಗೋಡೆ ಖಾಲಿ ಇದ್ರೆ ದನಿ ಗುಂಯ್ ಅನ್ನತ್ತೆ. ದಪ್ಪ ಬಟ್ಟೆ ಏನಾದ್ರೂ ನೇತುಹಾಕ್ತೀರಾ?"

ಇಮಾಮಬಾನು ಮನೆಗೆ ಓಡಿಹೋಗಿ ನಾಲ್ಕು ಕೌದಿ ತಂದು ಮೊಳೆಗೆ ಸಿಕ್ಕಿಸಿದಳು. ಎರಡು ಮನೆ ಆಚೆ ಇರುವ ಈಕೆ ಫಕೀರಮ್ಮನ ಜೊತೆ ಹದಿನಾಲ್ಕು ವರ್ಷದಿಂದ ದುಡಿಯುವವಳು. ಅಂದಿನ ಅವ್ವನ ಮಗಳಂತೆ ಇಂದು ಹೊಸ್ತಿಲ ಹತ್ತಿರ ಕೂತು ಅಂಗೈ ಒಡ್ಡಿ ಉಪ್ಪು ನೋಡುವವಳು ಅವಳೇ. ಸದ್ದು ಬರುತ್ತದೆಂದು ಉಳಿದ ಹೆಂಗಸರಿಗೆ ಸಂಜೆ ಬರಲು ಹೇಳಿದ್ದರು, ಈಗ ಫ್ಯಾನೂ ಆರಿಸಿದರು. ಹುಂಜವನ್ನು ಬುಟ್ಟಿಯಡಿ ಮುಚ್ಚಿದರು. ಒಳ್ಳೆಯ ಕ್ಯಾಮೆರಾ ಫೋನಿನ ಬೆನ್ನಿಗಿದೆ ಎಂದು ಗೌತಮ ಹೇಳಿದ್ದಕ್ಕೆ ಅದರ ಬೆನ್ನನ್ನು ಫಕೀರಮ್ಮನ ಕಡೆ ಮಾಡಿ, ಬೇಳೆ ಡಬ್ಬಿಗೆ ಆನಿಸಿ ನಿಲ್ಲಿಸಿದರು. ಹೀಗಾಗಿ ಪರದೆ ಕಾಣುತ್ತಿದ್ದುದು ಎದುರು ಹೊಸ್ತಿಲಲ್ಲಿ ಕೂತ ಇಮಾಮಬಾನುವಿಗೆ ಮಾತ್ರ.

"ನಂಗೆ ಇಲ್ಲಿ ಮಸುಕಾಗಿ ಕಾಣತ್ತೆ, ಸ್ಪಷ್ಟವಾದ ವಿಡಿಯೊ ಮೊದಲು ನಿಮ್ಮ ಫೋನಲ್ಲೇ ಉಳಿಯತ್ತೆ," ಎಂದು ಗೌತಮ ತಿಳಿಸಿದ. "ಆಮೇಲೆ ಸ್ವಲ್ಪಸ್ವಲ್ಪವಾಗಿ ನಮ್ಮ ಕಡೆ ಬರತ್ತೆ. ನೀಲಿ ಗೆರೆ ನೂರಕ್ಕೆ ಬರೋವರೆಗೆ ಮುಚ್ಚಬೇಡಿ. ಕೆಳಗಡೆ ಕಸದ ಡಬ್ಬಿ ಚಿತ್ರ ಇದೆಯಲ್ಲ, ಅದನ್ನಂತೂ ಮುಟ್ಟಲೇಬೇಡಿ, ಎರಡೂ ಕಡೆ ಅಳಿಸಿ ಹೋಗತ್ತೆ. ತಿಂಡಿ ಆಯ್ತಾ ಅಮ್ಮ?"

"ಆತು ತಮ್ಮಾ," ಎಂದಳು ಫಕೀರಮ್ಮ. ಆಗಿರಲಿಲ್ಲ. ಪರಾತವೆಂಬ ಅಗಲ ತಟ್ಟೆಯಲ್ಲಿ ಆರು ಕಿಲೊ ಹಿಂಡಿ ಕಲೆಸುವುದಿತ್ತು. ಆದರೂ ಕೇಳಿದನಲ್ಲ ಎಂದು ಅವಳಿಗೆ ಹಿತವಾಯಿತು.

ಆ ಹಿತ ಭಾಳ ಹೊತ್ತು ಉಳಿಯಲಿಲ್ಲ. ಮೊದಲು ಟೊಪ್ಪಿಗೆ, ಮಾಸ್ಕು ತೆಗೆಸಿದ, ಮುಖ ಕಾಣಬೇಕಂತೆ. ಮಿಕ್ಸರನ್ನು ಮರೆಗೆ ಸರಿಸಿದ. ಇಸ್ತ್ರಿ ಮಾಡಿಸಿಕೊಂಡು ಉಟ್ಟಿದ್ದ ಸೀರೆ ಬಿಡಿಸಿ ಹಳೆಯದು ಉಡಿಸಿದ. ಮುಂಗುರುಳು ಸಡಿಲಿಸಿಕೊಳ್ಳಿ ಎಂದ. ಹಣೆಯ ಬೆವರು ಮೂಗಿನ ತುದಿಗೆ ಇಳಿದಾಗ ಅವಳು ತೋಳಿನಿಂದ ಒರೆಸಿಕೊಂಡಳು.

"ಅಯ್ಯೋ, ಒರೆಸಬೇಡಿ. ಅದೇ ಚೆನ್ನಾಗಿತ್ತು."

"ಬೆವರು ಪರಾತದಾಗ ಬೀಳತೈತಿ ತಮ್ಮಾ."

"ಅದೆಲ್ಲ ಕಾಣಲ್ಲ ಅಮ್ಮ."

ಇಮಾಮಬಾನು ಹಿಂದಿನಿಂದ ಬಂದು ಒದ್ದೆ ಅರಿವೆಯಿಂದ ಅವಳ ಕುತ್ತಿಗೆ ಒರೆಸಿ, ಕ್ಯಾಮೆರಾಕ್ಕೆ ಸಿಗದಂತೆ ಬಗ್ಗಿ ಸರಿದುಹೋದಳು.

"ಈಗ ರುಚಿ ನೋಡಿ ನಗಬೇಕು," ಎಂದ ಗೌತಮ. ಫಕೀರಮ್ಮ ಬೇರೆ ವಾಟಿಗೆ ಒಂದಿಷ್ಟು ತೆಗೆದಿಟ್ಟು, ಚಿಟಿಕೆಯನ್ನು ಮೇಲಿನಿಂದ ಬಾಯಿಗೆ ಉದುರಿಸಿಕೊಂಡಳು. ಹಾಗಲ್ಲ ಎಂದ. ಬೆರಳು ಬಾಯಿಗೆ ಹೋಗಬೇಕು. ವಾಟಿಯಿಂದಲೇ ತೆಗೆದು ಬೆರಳು ನೆಕ್ಕಿದಳು, ಎದ್ದುಹೋಗಿ ಕೈ ತೊಳೆದು ಬಂದಳು. ನಗು ಸಾಲದು. ಮತ್ತೆ ನೆಕ್ಕಿದಳು, ಮತ್ತೆ ತೊಳೆದಳು. ಕಣ್ಣು ಮುಚ್ಚಿಕೊಂಡು ನೆಕ್ಕಿ. ನಿಧಾನ ನೆಕ್ಕಿ. ಅವ್ವನನ್ನು ನೆನೆಸಿಕೊಂಡು ನೆಕ್ಕಿ. ಆರನೆಯ ಸಲಕ್ಕೆ ಖಾಲಿ ಹೊಟ್ಟೆಯಲ್ಲಿ ಖಾರ ಉರಿಯತೊಡಗಿತು. ಅವ್ವನ ಹೆಸರು ಗೌತಮನ ಬಾಯಲ್ಲಿ ಬಂದದ್ದೇ ಅವಳಿಗೆ ಮೈಮೇಲೆ ಹುಳು ಹರಿದಂತಾಗಿತ್ತು. ಹನ್ನೊಂದು ಮಂದಿಯ ಮಳೆಗಾಲ ನೆನೆದು ಮತ್ತೆ ಕೈ ತೊಳೆದು ಬಂದಳು.

"ಆ ಬಟ್ಟಲು ಬೇಡಮ್ಮ, ಚೆನ್ನಾಗಿಲ್ಲ. ದೊಡ್ಡದರಿಂದಲೇ ತೆಗೀರಿ. ಕಲೆಸ್ತಾ ಕಲೆಸ್ತಾ ನೆಕ್ಕಿ, ಹಾಗೇ ಮತ್ತೆ ಕಲೆಸಿ. ಕೈ ತೊಳೆಯೋಕೆ ಹೋಗಬೇಡಿ, ಓಟ ತಪ್ಪತ್ತೆ. ಇದೇ ಕೊನೇದು."

ಕೌದಿ ಮುಚ್ಚಿದ ಪಡಸಾಲೆ ಒಲೆಯಂತಾಗಿತ್ತು. ಕೊನೆಯದು ಎಂಬ ಮಾತೊಂದೇ ಅವಳ ಕಿವಿಗೆ ಬಿತ್ತು. ಬೆರಳು ಬಾಯಿಗೆ ಹೋಯಿತು, ಮುಖ ನಕ್ಕಿತು, ಒದ್ದೆ ಬೆರಳು ಪರಾತಕ್ಕೆ ಇಳಿದು ಹಿಂಡಿಯಲ್ಲಿ ಎರಡು ಸುತ್ತು ತಿರುಗಿತು.

ಅಷ್ಟರಲ್ಲಿ ಅವಳ ಕೈ ನಿಂತಿತು. ಬೆರಳಿಗೆ ಹತ್ತಿದ ಹಿಂಡಿ ಗಂಟುಗಂಟಾಗಿ, ಕಪ್ಪು ಕೆಸರಿನಂತೆ ಕಾಣುತ್ತಿತ್ತು. ಹೊಸ್ತಿಲಿನಲ್ಲಿದ್ದ ಇಮಾಮಬಾನು ಮುಖ ತಗ್ಗಿಸಿದಳು. ನೋಡಿದೆ ಎಂದು ತೋರಿಸಿಕೊಳ್ಳಬಾರದೆಂದೇ ತಗ್ಗಿಸಿದಳು.

"ಸೂಪರ್ ಅಮ್ಮ. ಇದೇ ಬೇಕಾಗಿದ್ದು," ಎಂದ ಗೌತಮ. "ಈಗ ಇದನ್ನೇ ಪ್ಯಾಕೆಟ್ಟಿಗೆ ತುಂಬೋದು ತೋರಿಸಿ. ಆ ಪ್ಯಾಕೆಟ್ಟುಗಳನ್ನ ಇವತ್ತೇ ಕಳಿಸಿಬಿಡಿ, ಮೊದಲ ಗಿರಾಕಿಗಳಿಗೆ ಹೋಗತ್ತೆ."

"ಇದು ಎಂಜಲಾತು ತಮ್ಮಾ. ತುಂಬಾಂಗಿಲ್ಲ."

ಅವನು ನಕ್ಕ. ಕೆಟ್ಟ ನಗುವಲ್ಲ, ಮಕ್ಕಳನ್ನು ಸಮಾಧಾನ ಮಾಡುವಂಥದ್ದು. "ಯಾರಿಗೆ ಗೊತ್ತಾಗತ್ತೆ ಅಮ್ಮ?"

"ನೀ ತಿಂತಿಯೇನು?"

"ನಾನು ಖಾರ ತಿನ್ನಲ್ಲಮ್ಮ," ಎಂದ.

ಇದುವರೆಗೆ ಫಕೀರಮ್ಮನ ಹೇಸಿಗೆ ಆ ಬೆರಳಿನದಾಗಿತ್ತು. ಈಗ ಆ ಸಿಹಿ ದನಿಯದು, ತಾನು ನಕ್ಕ ಅಷ್ಟೂ ನಗುವಿನದು, ಅವನು ಒರೆಸಬೇಡಿ ಎಂದ ಮೂಗಿನ ತುದಿಯ ಬೆವರಿನದು. ಊರೂರಿನ ಜನ ಇದನ್ನು ನೋಡಿ, ತಾಯಿಯ ಕೈರುಚಿ ಎಂದು ತರಿಸಿ, ಮಕ್ಕಳ ತಟ್ಟೆಗೆ ಹಾಕುತ್ತಾರೆ.

"ಬೇರೆ ಮಾಡಿ ಕಳಸ್ತೀನಿ. ಆದ್ರ ಆ ವಿಡಿಯೊ ಬ್ಯಾಡ. ಅಳಿಸಿಬಿಡು. ಟೊಪಿಗಿ ಹಾಕ್ಕೊಂಡು ಮತ್ತೊಮ್ಮಿ ಮಾಡ್ತೀನಿ, ಬೇಕಂದ್ರ ಸಂಜಿತನಕ ಕೂಡ್ತೀನಿ."

"ಟೊಪ್ಪಿಗೆ ಹಾಕಿದ್ರೆ ಫ್ಯಾಕ್ಟರಿ ಥರ ಕಾಣತ್ತೆ. ನಮಗೆ ಇದೇ ಬೇಕು. ಈಗಾಗಲೇ ಬರ್ತಾ ಇದೆ ಬಿಡಿ."

ಫಕೀರಮ್ಮ ಹೊಸ್ತಿಲ ಕಡೆ ತಿರುಗಿದಳು. "ಬಾನು, ಗೆರಿ ಎಲ್ಲಿತನಕ ಬಂದೈತಿ?"

"ಅರವತ್ತೆಂಟ ಅಂತ ತೋರಸಾಕತ್ತೈತಿ, ಫಕೀರಕ್ಕ." ಸ್ವಲ್ಪ ತಡೆದು, "ನಮ್ಮ ಊರಾಗ ನೆಟ್ಟು ಯಾವಾಗರ ಛಲೋ ಇತ್ತೇನು, ನಡುವ ಕಡೀತು ಅಂದ್ರಾತು," ಎಂದಳು. ಅವಳ ಕೈ ಆಗಲೇ ಫೋನಿನ ಹತ್ತಿರ ಹೋಗಿತ್ತು.

"ನೀ ಬ್ಯಾಡ. ನಾಳೆ ಹತ್ತು ಮಂದಿ ತಪ್ಪು ನಿಂದ ಅಂತಾರ. ನಾನ ಒತ್ತತೀನಿ."

"ಅಮ್ಮ, ಒಂದ್ನಿಮಿಷ," ಎಂದ ಗೌತಮ. ದನಿಯ ಸಿಹಿ ಇಳಿದಿತ್ತು. "ಅಳಿಸಿದ್ರೆ ನಿಮ್ಮನ್ನ ತಗೊಳ್ಳೋಕಾಗಲ್ಲ. ಇನ್ನೂ ನಾಲ್ಕು ಊರಿನವರು ಕಾಯ್ತಿದ್ದಾರೆ. ಯೋಚನೆ ಮಾಡಿ."

ಅವಳು ಯೋಚನೆ ಮಾಡಿದಳು. ಮೂರು ತಿಂಗಳ ಮಳೆಗಾಲ ಕಣ್ಣ ಮುಂದೆ ಬಂತು. ಸಂಜೆ ಬರುವ ಹೆಂಗಸರಿಗೆ ಏನು ಹೇಳಬೇಕು ಎಂಬುದೂ ಬಂತು. ಡಬ್ಬಿಗೆ ಆನಿಸಿದ್ದ ಫೋನನ್ನು ತಿರುಗಿಸಿಕೊಂಡಳು. ಗೆರೆ ಎಪ್ಪತ್ತೊಂದಕ್ಕೆ ಬಂದಿತ್ತು. ಕೈಯನ್ನು ಹಳೆಯ ಸೀರೆಗೆ ಒರೆಸಿ ಕಸದ ಡಬ್ಬಿಯ ಚಿತ್ರ ಒತ್ತಿದಳು. ಖಾತ್ರಿಯೇ ಎಂದು ಫೋನು ಕೇಳಿತು. ಇನ್ನೊಮ್ಮೆ ಒತ್ತಿದಳು. ಗೆರೆ ಹೋಯಿತು.

"ಹೊತ್ತಿಗೆ ಸರಿಯಾಗಿ ಉಣ್ಣು ತಮ್ಮಾ," ಎಂದು ಹೇಳಿ ಕರೆ ಕತ್ತರಿಸಿದಳು.

ಬಚ್ಚಲಿಗೆ ಹೋಗಿ ಕೈ ತೊಳೆದಳು. ಸೀಗೆಪುಡಿ ಹಾಕಿ ತೊಳೆದಳು, ಉಗುರಿನ ಸಂದಿಯಲ್ಲಿ ಕಡ್ಡಿ ಆಡಿಸಿ ತೊಳೆದಳು. ಬಾಯಿ ಮುಕ್ಕಳಿಸಿದರೂ ಆ ನಗು ಇನ್ನೂ ತುಟಿಗೆ ಅಂಟಿದ ಹಾಗೇ ಇತ್ತು. ಹೊರಗೆ ಬಂದಾಗ ಗೋಡೆಯ ಕೌದಿ ಇಳಿದಿದ್ದವು, ಫ್ಯಾನು ತಿರುಗುತ್ತಿತ್ತು. ಬುಟ್ಟಿಯಿಂದ ಬಿಟ್ಟ ಹುಂಜ ಅಂಗಳದಲ್ಲಿ ಸಿಟ್ಟಿನಿಂದ ಕೂಗುತ್ತಿತ್ತು.

"ಆ ಆರು ಕಿಲೊ ತಿಪ್ಪಿಗೆ ಚೆಲ್ಲಬೇಕು," ಎಂದಳು ಫಕೀರಮ್ಮ, ಪರಾತದ ಕಡೆ ನೋಡದೆ. "ಸಂಜಿಗೆ ಅವರೆಲ್ಲ ಬರ್ತಾರ. ನನ್ನ ತಪ್ಪು ಅಂತ ಹೇಳ್ತೀನಿ."

ಇಮಾಮಬಾನು ಬೆಳಿಗ್ಗೆಯೇ ಬಟ್ಟೆಯಲ್ಲಿ ಸುತ್ತಿ ತಂದಿದ್ದ ರೊಟ್ಟಿಯ ಗಂಟು ಬಿಚ್ಚಿದಳು. ಎರಡು ತಟ್ಟೆ ತೆಗೆದು ರೊಟ್ಟಿ ಇಟ್ಟಳು, ಉಳ್ಳಾಗಡ್ಡಿ ಗುದ್ದಿ ಇಟ್ಟಳು. ಪರಾತದಿಂದ ಒಂದು ಚಮಚ ಹಿಂಡಿ ತೆಗೆದು ಮೊದಲು ತನ್ನ ತಟ್ಟೆಗೆ ಹಾಕಿಕೊಂಡಳು, ಮೇಲೆ ಎಣ್ಣೆ ಬಿಟ್ಟು ಕಲೆಸಿ, ರೊಟ್ಟಿಗೆ ಹಚ್ಚಿ ಒಂದು ತುತ್ತು ಬಾಯಿಗಿಟ್ಟಳು. ನಿಧಾನವಾಗಿ ಅಗಿದು ನುಂಗಿ, ಉಪ್ಪು ಸರಿ ಇದ್ದಾಗ ದಿನವೂ ಮಾಡುವಂತೆ ತಲೆಯಾಡಿಸಿದಳು.

ಆಮೇಲೆ ಇನ್ನೊಂದು ತಟ್ಟೆಗೂ ಅದೇ ಹಿಂಡಿ ಹಾಕಿ, ಎಣ್ಣೆ ಬಿಟ್ಟು, ಫಕೀರಮ್ಮನ ಕೈಗೆ ಕೊಟ್ಟಳು.