ಮೂರು ಮೂಟೆ, ಎರಡು ಬೆಲೆ

ಸರ್ರನೆ ದಾರ ಎಳೆದ ಸದ್ದು. ಅಷ್ಟೇ. ಧರಣಿಗೆ ಎಚ್ಚರವಾಯಿತು. ಮೈಸೂರಿನ ಹೂಟಗಳ್ಳಿಯ ಕಾರ್ಖಾನೆಗಳ ಗುಂಯ್ ಎನ್ನುವ ಸದ್ದಿನಲ್ಲಿ ನಿದ್ದೆ ಮಾಡುವುದು ಅವಳಿಗೆ ರೂಢಿಯಾಗಿತ್ತು, ಆದರೆ ಗೊಬ್ಬರದ ಮೂಟೆಯ ಹೊಲಿಗೆ ಬಿಚ್ಚುವ ಸದ್ದೇ ಬೇರೆ. ಸರಿಯಾದ ತುದಿ ಸಿಕ್ಕರೆ ದಾರ ಒಂದೇ ಎಳೆತಕ್ಕೆ ಪೂರ್ತಿ ಬರುತ್ತದೆ. ಚಿಕ್ಕಂದಿನಲ್ಲಿ ಅದಕ್ಕಾಗಿ ಅವಳಿಗೂ ತಮ್ಮ ಬಸವರಾಜುವಿಗೂ ಜಗಳವಾಗುತ್ತಿತ್ತು. ಆ ದಾರದಲ್ಲಿ ಅವ್ವ ಸೇವಂತಿಗೆ ಕಟ್ಟುತ್ತಿದ್ದಳು.

ಊರಿಂದ ಬಂದಿದ್ದ ಬಸವರಾಜು ಸಂಜೆ ತಾನೇ ಮೂರು ಮೂಟೆ ಡಿಎಪಿ ಗೊಬ್ಬರ ತಂದು ಅಕ್ಕನ ಮನೆಯ ಮೆಟ್ಟಿಲ ಕೆಳಗೆ ಇಳಿಸಿದ್ದ. ಊರಿನ ಅಂಗಡಿಯವನು ಬಾಯಿಗೆ ಬಂದ ಬೆಲೆ ಹೇಳುತ್ತಿದ್ದ. ಮೈಸೂರಿನಲ್ಲಿ ಚೀಲದ ಮೇಲೆ ಅಚ್ಚಾದ ಬೆಲೆಗೇ ಸಿಗುತ್ತದೆಂದು ಕೇಳಿ, ಪಕ್ಕದ ಗದ್ದೆಯ ಚಾಮಯ್ಯ, ರೇವಣಸಿದ್ದ ಇಬ್ಬರೂ ಅವನ ಕೈಯಲ್ಲೇ ದುಡ್ಡು ಕಳಿಸಿದ್ದರು. ಬೆಳಿಗ್ಗೆ ಚಾಮಯ್ಯ ಗೂಡ್ಸ್ ಆಟೊ ತರುವುದೆಂದು ಮಾತಾಗಿತ್ತು.

ಗಂಡ ಶಿವಶಂಕರ್ ರಾತ್ರಿ ಪಾಳಿಗೆ ಹೋಗಿದ್ದ. ಧರಣಿ ಮೆಲ್ಲಗೆ ಇಳಿದು ನೋಡಿದಳು. ಮೊಬೈಲ್ ಬೆಳಕಿನಲ್ಲಿ ತಮ್ಮ ಅವಳದೇ ಬೋಗುಣಿ ಹಿಡಿದು, ಒಂದು ಮೂಟೆಯಿಂದ ತೋಡಿ ಇನ್ನೊಂದಕ್ಕೆ ಸುರಿಯುತ್ತಿದ್ದ.

"ಬಸ್ರಾಜ, ಅದು ಚಾಮಯ್ಯ ದೊಡ್ಡಪ್ಪಂದು ಅಲ್ವೇನೋ?"

ಅವನ ಕೈ ನಿಂತಿತು. "ಎದ್ಬುಟ್ಯಾ? ಬೆಕ್ಕಿನ ಕಿವಿ ಕಣಕ್ಕ ನಿಂದು."

ಅವಳು ನಗಲಿಲ್ಲ.

"ಇಲ್ಲಿ ಅಂಗಡಿಯೋನು ಎರಡು ಮೂಟೆ ಅಚ್ಚಾದ ರೇಟ್‌ಗೇ ಕೊಟ್ಟ," ಅಂದ ಅವನು. "ಮೂರನೇದಕ್ಕೆ ಸ್ಟಾಕಿಲ್ಲ ಅಂದ್ಬುಟ್ಟ. ಪಕ್ಕದ ಅಂಗಡೀಲಿ ಮುನ್ನೂರು ಮೇಲೆ ಕಿತ್ಕಂಡ್ರು. ಜೊತೆಗೆ ಬೇಡ್ದಿರೋ ಔಷಧಿ ಬಾಟ್ಲಿ ಬೇರೆ ಕಟ್ಟಿದ್ರು. ಆ ಭಾರ ನಾನೊಬ್ನೇ ಯಾಕೆ ಹೊರ್ಲಿ? ಇಬ್ರದ್ರಲ್ಲೂ ಎರಡೆರಡು ಬೋಗುಣಿ ತಗಂಡ್ರೆ ಮೂರು ಜನಕ್ಕೂ ಸಮ ಆಯ್ತದೆ."

"ಹೇಳಿ ತಗೊಳ್ಳೋಕೇನು ನಿಂಗೆ?"

"ನಂಬ್ತಾರಾ? ಒಂದೇ ರೋಡು, ಒಂದೇ ದಿನ, ಎರಡು ಬೆಲೆ! ಬಸ್ರಾಜ ಮಧ್ಯದಲ್ಲಿ ತಿಂದ ಅಂತಾರೆ."

ಅಪ್ಪನ ಕಾಲದಲ್ಲಿ ಸೊಸೈಟಿಯಲ್ಲಿ ಎಲ್ಲರಿಗೂ ಒಂದೇ ಬೆಲೆ. ಅಪ್ಪ ಬೀದಿಯವರ ಮೂಟೆಗಳನ್ನೆಲ್ಲ ಗಾಡಿಯಲ್ಲಿ ತಂದು, ಬಾಯಿ ಬಿಚ್ಚಿ, ಅಂಗಳದಲ್ಲಿ ಒಂದೇ ರಾಶಿ ಸುರಿಯುತ್ತಿದ್ದರು. ಒಂದು ಚೀಲ ತೇವ ಹಿಡಿದಿದ್ದರೂ ನಷ್ಟ ಒಬ್ಬನ ಪಾಲಿಗೆ ಬೀಳುತ್ತಿರಲಿಲ್ಲ. ಮೊರದಲ್ಲಿ ಅಳೆದು ಹಂಚುವಾಗ ಸುತ್ತ ಹೆಂಗಸರ ನಗು. ಜಗಳವೇನಿದ್ದರೂ ಮಳೆಗೆ ತಲೆ ಮೇಲೆ ಹೊದೆಯುವ ಗೊಪ್ಪೆ ಮಾಡಿಕೊಳ್ಳಲು ಖಾಲಿ ಚೀಲ ಯಾರಿಗೆ ಎಂಬುದಕ್ಕೆ.

"ಅಪ್ಪಾನೂ ಎಲ್ಲಾರದ್ನೂ ಕಲಸ್ತಿರ್ಲಿಲ್ವಾ?" ಬಸವರಾಜುವಿಗೂ ಅದೇ ನೆನಪಾಗಿತ್ತೇನೋ.

"ಹಗಲು ಹೊತ್ತು ಕಣೋ. ಎಲ್ಲಾರ ಮುಂದೆ."

ಬಸವರಾಜು ತನ್ನ ಚೀಲದಿಂದ ತೆಗೆದು ಚಾಮಯ್ಯನ ಚೀಲಕ್ಕೆ ಹಾಕಿದ. ಒಂದು ಬೋಗುಣಿ, ಎರಡು, ಮತ್ತೂ ಒಂದು. ತೆಗೆದದ್ದೇ ಅಷ್ಟೋ, ತಪ್ಪಿಗೆ ಹೆಚ್ಚು ಹಾಕಿದನೋ, ಅವಳು ಕೇಳಲಿಲ್ಲ. ರೇವಣಸಿದ್ದನದು ಇನ್ನೂ ಬಿಚ್ಚಿರಲಿಲ್ಲ; ತಮ್ಮನದಕ್ಕೆ ದಾರ ಸುತ್ತಿ ಕಟ್ಟಿ, ದಬ್ಬಳ ತಂದು ಚಾಮಯ್ಯನ ಚೀಲದ ಬಾಯಿ ಹೊಲಿದಳು. ಅವನು ಬೆಳಕು ಹಿಡಿದುಕೊಂಡ.

ಬೆಳಿಗ್ಗೆ ಬಂದ ಚಾಮಯ್ಯನ ಕಣ್ಣು ನೇರವಾಗಿ ಹೊಲಿಗೆಯ ಮೇಲೇ ಬಿತ್ತು.

"ಏನವ್ವ ಧರಣಿ, ನನ್ ಮೂಟೆಗೆ ಮಾತ್ರ ಸೀರೆ ಕುಚ್ಚು ಹಾಕ್ದಂಗೆ ಹಾಕಿದ್ದೀಯಲ್ಲ!"

"ಬಾಯಿ ಬಿಚ್ಕೊಂಡಿತ್ತು ದೊಡ್ಡಪ್ಪ. ನಾನೇ ಹೊಲಿದೆ." ಸುಳ್ಳು ಸಲೀಸಾಗಿ ಬಂತು.

ಚಾಮಯ್ಯ ಮೂಟೆಯನ್ನು ಒಮ್ಮೆ ಎತ್ತಿ ನೋಡಿ ಆಟೊಗೆ ಹಾಕಿದ. "ನಿಮ್ಮಪ್ಪನಂಗೇ ಕಣವ್ವ ಇವನು. ಮುಂದ್ಲ ಸಲಾನೂ ಇವನ ಕೈಗೇ ದುಡ್ಡು."

ಬಸವರಾಜು ಅತ್ತ ತಿರುಗಿ ಹಗ್ಗ ಬಿಗಿಯುತ್ತಲೇ ಇದ್ದ.

ಆಟೊ ಹೋದ ಮೇಲೆ ಅವ್ವ ಫೋನ್ ಮಾಡಿದಳು. "ಎಲ್ಲಾ ಸರ್ಯಾಗಿ ಆಯ್ತಾ ಮಗಾ? ರಾತ್ರಿ ನಿದ್ದೆಗಿದ್ದೆ ಮಾಡುದ್ನಾ ಅವ್ನು?"

ಅವ್ವನಿಗೆ ಹೇಳಿದರೆ ಅವ್ವ ಅಳುತ್ತಾಳೆ, ಗಂಡನಿಗೆ ಹೇಳಿದರೆ ತಮ್ಮ ಈ ಮನೆಯಲ್ಲಿ ಹಗುರವಾಗುತ್ತಾನೆ. ಯಾರಿಗೂ ಬೇಡ.

"ಚೆನ್ನಾಗಿ ಮಲಗಿದ್ದ ಅವ್ವ," ಅಂದಳು.