ಹೆಸರು ಬರೆದು ಕೊಟ್ಟ ಪ್ರತಿಗಳು

ಕೆಲವು ಪ್ರಶ್ನೆಗಳನ್ನು ಒಂದು ತಲೆಮಾರು ತನ್ನ ಕಾಲದಲ್ಲೇ ಇತ್ಯರ್ಥ ಮಾಡದಿದ್ದರೆ ಮುಂದಿನವರು ಕ್ಷಮಿಸುವುದಿಲ್ಲ. ಪುಸ್ತಕದಂಗಡಿಯ ಮೇಜಿನ ಹಿಂದೆ, ಬಾಗಿಲ ಕಡೆಯ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದು ಅಂಥ ಪ್ರಶ್ನೆ.

ಮೇಜು ಒಂದು, ಲೇಖಕರು ಇಬ್ಬರು. ಇಬ್ಬರೂ ಕೈಯಿಂದ ದುಡ್ಡು ಹಾಕಿ ಪುಸ್ತಕ ಅಚ್ಚು ಮಾಡಿಸಿದವರು, ಸಾಲದ್ದಕ್ಕೆ ಷಡ್ಡಕರು. ಅಕ್ಕನ ಗಂಡ ನಿವೃತ್ತ ನಕ್ಷೆಗಾರರು, ಹನ್ನೊಂದು ವರ್ಷ ಕೂತು ನಾನೂರ ಹನ್ನೆರಡು ಪುಟಗಳ ಕಾದಂಬರಿ ಬರೆದಿದ್ದರು. ತಂಗಿಯ ಗಂಡ ದಂತವೈದ್ಯರು. ಅವರದು ಕುಂಡದ ಗಿಡಗಳ ಬಗ್ಗೆ ತೊಂಬತ್ತಾರು ಪುಟ, ಅದರಲ್ಲೂ ಅರ್ಧ ಚಿತ್ರ. ಬರೆದದ್ದು ರೋಗಿಯ ದವಡೆ ಮರಗಟ್ಟುವವರೆಗಿನ ಬಿಡುವಿನಲ್ಲಿ.

ವರ್ಷದ ಕೊನೆಯ ರಜೆಯಲ್ಲಿ ಜನ ಉಡುಗೊರೆ ಕೊಳ್ಳಲು ಮುಗಿಬೀಳುತ್ತಾರೆಂದು ಅಂಗಡಿಯಾಕೆ ಇಬ್ಬರಿಗೂ ಹತ್ತು ದಿನ ಜಾಗ ಕೊಟ್ಟಿದ್ದರು.

"ಹೊಸಬರಿಗೆ ಅಂತ ನಮ್ಮಲ್ಲಿ ಇರೋದು ಒಂದೇ ಗೂಡು," ಎಂದಿದ್ದರು. "ಯಾರದ್ದು ಜಾಸ್ತಿ ಹೋಗತ್ತೋ ಅವರದ್ದು ವರ್ಷಪೂರ್ತಿ ಅಲ್ಲಿರತ್ತೆ. ಇನ್ನೊಬ್ಬರು ಕಟ್ಟು ಮನೆಗೆ ತಗೊಂಡು ಹೋಗಿ."

ಆ ಗೂಡಿನಲ್ಲಿ ತಮ್ಮ ಕಾದಂಬರಿ ಇಲ್ಲದಿದ್ದರೆ ನಕ್ಷೆಗಾರರು ಹೇಗೋ ಸಹಿಸುತ್ತಿದ್ದರು. ಅಲ್ಲಿ ಷಡ್ಡಕನ ಪುಸ್ತಕ ಇದ್ದರೆ ಮಾತ್ರ ಅನ್ನ ಇಳಿಯುತ್ತಿರಲಿಲ್ಲ.

"ಭಾವ, ನೀವೇ ಬಾಗಿಲ ಕಡೆ ಕೂತ್ಕೊಳ್ಳಿ. ನಂಗೆ ಎಲ್ಲಾದ್ರೂ ಸರಿ," ಎಂದರು ದಂತವೈದ್ಯರು. ಜಗಳಕ್ಕೆ ಮಾತು ಜೋಡಿಸಿಕೊಂಡು ಬಂದಿದ್ದ ನಕ್ಷೆಗಾರರಿಗೆ ಕುರ್ಚಿ ಸಿಕ್ಕಿದ್ದೇ ಸೋತಂತಾಯಿತು.

ಮಧ್ಯಾಹ್ನದ ಹೊತ್ತಿಗೆ ದಂತವೈದ್ಯರ ಒಂಬತ್ತು ಪ್ರತಿ ಹೋಗಿದ್ದವು. ಅವರು ಬಂದವರನ್ನು ಮನೆಯಲ್ಲಿ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆಂದು ಕೇಳುತ್ತಿದ್ದರು, ಅಷ್ಟೆ. ಒಬ್ಬ ಗಿರಾಕಿ ಬಾಯಿ ತೆರೆದು ಹಲ್ಲನ್ನೇ ತೋರಿಸಿದ. ನೋಡಿಸಿಕೊಂಡು, ಎರಡು ಪುಸ್ತಕ ಕೊಂಡು ಹೋದ. ಸಹಿ ಕೇಳಿದವರಿಗೆ ದಂತವೈದ್ಯರು, "ಬೇಡ ಬಿಡಿ, ನನ್ನ ಅಕ್ಷರ ಔಷಧಿ ಅಂಗಡಿಯವನೊಬ್ಬನಿಗೇ ತಿಳಿಯೋದು," ಎಂದು ನಕ್ಕು ಖಾಲಿ ಪುಟವನ್ನೇ ಕೊಟ್ಟು ಕಳಿಸುತ್ತಿದ್ದರು.

ನಕ್ಷೆಗಾರರಿಗೆ ದಾರಿ ಹೊಳೆದದ್ದು ಆಗ. ನಲವತ್ತು ವರ್ಷ ನದಿ ಬೆಟ್ಟಗಳ ಹೆಸರು ಬರೆದ ಕೈ ಅದು. ಮರುದಿನ ಕಪ್ಪು ಶಾಯಿ ತಂದರು. ಯಾರಾದರೂ ಕಾದಂಬರಿಯನ್ನು ಕೈಗೆತ್ತಿಕೊಂಡರೆ ಸಾಕು, ಹೆಸರು ಕೇಳಿ, ಅವರು ಹೇಳಿ ಮುಗಿಸುವಷ್ಟರಲ್ಲಿ ಮೊದಲ ಪುಟದಲ್ಲಿ ಬರೆದುಬಿಡುತ್ತಿದ್ದರು. ತಮ್ಮ ಹೆಸರು ಅಷ್ಟು ಚೆಂದ ಕಂಡ ಮೇಲೆ ಬೇಡವೆನ್ನುವ ಗಂಡಾಗಲಿ ಹೆಣ್ಣಾಗಲಿ ಅಂಗಡಿಗೆ ಬರಲಿಲ್ಲ. ಆರನೇ ದಿನಕ್ಕೆ ಕಾದಂಬರಿ ಮುಂದಿತ್ತು.

"ತಂಗಿ ಫೋನ್ ಮಾಡಿದ್ಲು," ಎಂದರು ಹೆಂಡತಿ. "ಭಾವಂದು ಚೆನ್ನಾಗಿ ಹೋಗ್ತಿದೆಯಂತೆ ಅಂತ ಖುಷಿಪಟ್ಲು."

"ಖುಷಿಪಟ್ಲಾ?"

"ಮತ್ತೆ ಅಳಬೇಕಿತ್ತಾ?"

ಸ್ವಲ್ಪವಾದರೂ ಅತ್ತಿದ್ದರೆ ಚೆನ್ನಾಗಿತ್ತು ಎಂದುಕೊಂಡರು ನಕ್ಷೆಗಾರರು.

ಒಂಬತ್ತನೇ ದಿನ ಹೆಂಗಸೊಬ್ಬರು ಕಾದಂಬರಿಯನ್ನು ಮೇಜಿನ ಮೇಲಿಟ್ಟರು. "ಇದು ಬೀಗರಿಗೆ ಅಂತ ತಗೊಂಡಿದ್ದು. ಒಳಗೆ ನನ್ನ ಹೆಸರಿದೆ. ಹೇಗೆ ಕೊಡ್ಲಿ?"

"ನೀವೇ ಓದಬಹುದಲ್ಲ," ಎಂದರು ನಕ್ಷೆಗಾರರು.

"ಇಷ್ಟು ದಪ್ಪದ್ದನ್ನಾ?"

ಅವರ ಹಿಂದೆ ಇನ್ನೂ ನಾಲ್ವರಿದ್ದರು, ಎಲ್ಲರ ಕೈಯಲ್ಲೂ ಕಾದಂಬರಿ. ರಜೆಯಲ್ಲಿ ಕೊಂಡ ಉಡುಗೊರೆಯನ್ನು ಯಾವ ಪ್ರಶ್ನೆಯೂ ಇಲ್ಲದೆ ಬದಲಾಯಿಸಿಕೊಡುವುದು ಅಂಗಡಿಯ ರೂಢಿ. ಒಂದು ಕಾದಂಬರಿಯ ಬೆಲೆಗೆ ಗಿಡದ ಪುಸ್ತಕ ಎರಡು ಬರುತ್ತಿದ್ದವು. ಬೀಗರಿಗೊಂದು, ತಮಗೊಂದು ಎಂದು ಹೆಂಗಸು ಸಂತೋಷದಿಂದಲೇ ಹೋದರು. ಹಿಂದಿದ್ದವರೂ ಅದೇ ಲೆಕ್ಕ ಹಾಕಿದರು. ಹತ್ತನೇ ದಿನ ಸಾಲು ಬಾಗಿಲಾಚೆ ಹೋಯಿತು.

ದಂತವೈದ್ಯರು ಹಿಂದಿರುಗಿದ ಪ್ರತಿಯೊಂದನ್ನು ತೆರೆದು ಬಹಳ ಹೊತ್ತು ನೋಡಿದರು. "ಏನೇ ಹೇಳಿ ಭಾವ, ಇಂಥ ಅಕ್ಷರ ನಂಗೆ ಏಳು ಜನ್ಮಕ್ಕೂ ಬರಲ್ಲ."

ಮನಸಾರೆ ಹೇಳಿದ್ದರು. ನಕ್ಷೆಗಾರರ ಮೈ ಉರಿದದ್ದು ಅದಕ್ಕೇ.

ರಜೆ ಮುಗಿದ ಮರುದಿನ ಗೂಡಿನಲ್ಲಿ ಕುಂಡದ ಗಿಡಗಳ ಪುಸ್ತಕ ಇತ್ತು. ಮೂವತ್ತೊಂದು ಜನರ ಹೆಸರಿದ್ದ ಕಾದಂಬರಿಯ ಪ್ರತಿಗಳು ದಂತವೈದ್ಯರ ಕಾರಿನಲ್ಲಿ ನಕ್ಷೆಗಾರರ ಮನೆಗೆ ಬಂದವು.